ಎಂಜಿನ್ ದಾಟಿದ ತಕ್ಷಣ ಸಿಗ್ನಲ್ ಕೆಂಪಾಯ್ತು, ಇದು ಫೇಲ್ಯೂರ್ ಅಲ್ವಾ? ಓದುಗರ ಪ್ರಶ್ನೆ, ತಜ್ಞರ ಉತ್ತರ

ರೈಲ್ವೆ ಸಿಗ್ನಲ್, ಗೇಟು, ಪಾಯಿಂಟು (ರೈಲನ್ನ ಒಂದು ಲೈನಿಂದ ಇನ್ನೊಂದಕ್ಕೆ ತಿರುಗಿಸೋಕೆ ಸರಿಯೋ ಹಳಿ) ನೋಡೋ ಹವ್ಯಾಸ ಇರೋರು ಕಳಿಸೋ ಪ್ರಶ್ನೆಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಿದೆ, ಅದಕ್ಕೆ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಹೋಮ್ ಅಂದ್ರೆ ಸ್ಟೇಷನ್ ಒಳಗೆ ಬರೋಕೆ, ಸ್ಟಾರ್ಟರ್ ಅಂದ್ರೆ ಹೊರಡೋಕೆ ಅನುಮತಿ ಕೊಡೋ ಸಿಗ್ನಲ್, ಕೆಂಪು ಅಂದ್ರೇನು ಹಸಿರು ಅಂದ್ರೇನು ಅಂತೆಲ್ಲ ಅದಕ್ಕಿಂತ ಹೆಚ್ಚು ವಿವರಿಸ್ತಾ ಕೂರಲ್ಲ, ಈ ಹವ್ಯಾಸಕ್ಕೆ ಇಳಿದೋರಿಗೆ ಅಷ್ಟು ಗೊತ್ತಿರ್ಲೇಬೇಕು.

ಪ್ರಶ್ನೆ: ರೈಲು ಹೊರಟಾಗ ಸ್ಟಾರ್ಟರ್ ಹಸಿರಿತ್ತು. ಎಂಜಿನ್ ಕಂಬ ದಾಟಿದ್ದೇ ತಡ ಕೆಂಪಾಯ್ತು, ಬೋಗಿಗಳೆಲ್ಲ ಇನ್ನೂ ಈಚೆಗೇ ಇದ್ವು. ವಿಡಿಯೋ ಇದೆ. ಇದು ಸಿಗ್ನಲ್ ಫೇಲ್ಯೂರ್ ಅಲ್ವಾ? ಡ್ರೈವರ್ ರೆಡ್ ಜಂಪ್ ಮಾಡಿದ ಹಾಗಾಯ್ತಾ?

ಎರಡೂ ಅಲ್ಲ. ಸಿಗ್ನಲ್ ಏನು ಮಾಡ್ಬೇಕೋ ಅದನ್ನೇ ಮಾಡಿದೆ. ಇಂಥ ವಿಡಿಯೋಗಳಿಗೆ ‘ಕೂದಲೆಳೆಯಲ್ಲಿ ತಪ್ಪಿದ ದುರಂತ’ ಅಂತ ಹೆಡ್ಡಿಂಗ್ ಕೊಟ್ಟು ಹಿಂದೆ ಗಾಬರಿ ಹುಟ್ಸೋ ಮ್ಯೂಸಿಕ್ ಹಾಕಿ ಬಿಡೋರನ್ನ ನೋಡಿದ್ರೆ ಮೈ ಉರಿಯುತ್ತೆ, ಯಾಕಂದ್ರೆ ಅಲ್ಲಿ ಕಾಣ್ತಿರೋದು ರಕ್ಷಣೆ, ಇವರು ಅದನ್ನೇ ಅಪಾಯ ಅಂತ ಮಾರ್ತಾರೆ.

ಸಿಗ್ನಲ್ ಮಾತಾಡೋದು ಮುಂದೆ ಕೂತಿರೋ ಲೋಕೋ ಪೈಲಟ್ ಜೊತೆ, ಬೋಗಿಗಳ ಜೊತೆ ಅಲ್ಲ. ಅವರು ಕಂಬ ದಾಟುವಾಗ ಯಾವ ಬಣ್ಣ ಇತ್ತೋ ಅವರಿಗೆ ಅಷ್ಟೇ ಲೆಕ್ಕ. ದಾಟಿದ ಮೇಲೆ ಆ ಸಿಗ್ನಲ್ ಕಾಯ್ಬೇಕಾದ್ದು ಹಿಂದಿನಿಂದ ಬರಬಹುದಾದ ಇನ್ನೊಂದು ರೈಲಿನಿಂದ ಈ ರೈಲನ್ನ. ಇದರ ಬೆನ್ನ ಹಿಂದೆ ಹಸಿರು ಉರೀತಾ ಇರೋದು ಯಾರಿಗೆ ಬೇಕು ಹೇಳಿ?

ಇದು ಆಗೋದು ಹೇಗೆ ಅಂತ ಕಣ್ಣಾರೆ ನೋಡ್ಬೇಕಂದ್ರೆ ಪ್ಲಾಟ್‌ಫಾರ್ಮ್ ಮೇಲೇ ನಿಂತು, ಕೆಳಗೆ ಇಳೀದೆ, ಸಿಗ್ನಲ್ ಕಂಬದ ಆಸುಪಾಸಿನ ಹಳಿ ಗಮನಿಸಿ. ಒಂದು ಕಡೆ ಹಳಿಯ ಎರಡು ತುಂಡು ಸೇರೋ ಸಂದಿಯಲ್ಲಿ ತೆಳುವಾದ ಇನ್ಸುಲೇಶನ್ ಪಟ್ಟಿ ಇರುತ್ತೆ, ಕಬ್ಬಿಣಕ್ಕೆ ಕಬ್ಬಿಣ ತಾಗಿರಲ್ಲ. ಅದಕ್ಕೆ ಗ್ಲೂಡ್ ಜಾಯಿಂಟ್ ಅಂತಾರೆ. ಪಕ್ಕದಲ್ಲೇ ಹಳಿಗೆ ಸೇರಿಸಿದ ವೈರು, ಸ್ವಲ್ಪ ಆಚೆ ನೆಲದ ಮೇಲೆ ಒಂದು ಸಣ್ಣ ಪೆಟ್ಟಿಗೆ. ಅಲ್ಲಿಂದ ಮುಂದಿನ ಜಾಯಿಂಟ್‌ವರೆಗೆ ಹಳಿಯೇ ಒಂದು ಸರ್ಕ್ಯೂಟ್, ಟ್ರ್ಯಾಕ್ ಸರ್ಕ್ಯೂಟ್. ಒಂದು ತುದಿಯಿಂದ ಸಣ್ಣ ವೋಲ್ಟೇಜಲ್ಲಿ ಕರೆಂಟ್ ಕೊಟ್ಟಿರ್ತಾರೆ, ಅದು ಹಳಿಗುಂಟ ಹೋಗಿ ಇನ್ನೊಂದು ತುದಿಯ ರಿಲೇ ಅನ್ನೋ ವಿದ್ಯುತ್ ಸ್ವಿಚ್ಚನ್ನ ಎತ್ತಿ ಹಿಡ್ಕೊಂಡಿರುತ್ತೆ. ಮೊದಲ ಗಾಲಿ ಒಳಗೆ ಬಂತು ಅಂದ್ರೆ ಅದರ ಅಚ್ಚು ಎರಡೂ ಹಳಿಯನ್ನ ಜೋಡಿಸಿಬಿಡುತ್ತೆ, ಕರೆಂಟು ಅಲ್ಲಿಂದಲೇ ವಾಪಸ್ಸು, ರಿಲೇವರೆಗೆ ಹೋಗೋದೇ ಇಲ್ಲ, ರಿಲೇ ಬಿತ್ತು, ಸಿಗ್ನಲ್ ಕೆಂಪಾಯ್ತು. ಯಾರೂ ಬಟನ್ ಒತ್ತಿಲ್ಲ. ಬ್ಯಾಟರಿ ಸತ್ರೂ ಅಷ್ಟೇ, ವೈರ್ ಕಿತ್ತುಹೋದ್ರೂ ಅಷ್ಟೇ, ರಿಲೇ ಬೀಳುತ್ತೆ, ಕೆಂಪೇ ಬರುತ್ತೆ. ಕೆಟ್ಟರೆ ಕೆಂಪಾಗಿ ಕೆಡ್ಬೇಕು, ಹಸಿರಾಗಿ ಅಲ್ಲ ಅಂತಲೇ ಈ ಇಡೀ ವ್ಯವಸ್ಥೆ ಕಟ್ಟಿರೋದು, ಇದರ ಬಗ್ಗೆ ನಂಗೆ ಇವತ್ತಿಗೂ ಗೌರವ ಕಮ್ಮಿ ಆಗಿಲ್ಲ.

ಜಾಯಿಂಟ್ ಕಾಣಿಸ್ಲಿಲ್ವಾ? ಹಾಗಾದ್ರೆ ಹಳಿಯ ಪಕ್ಕಕ್ಕೆ ಬಿಗಿದಿರೋ ಸಣ್ಣ ಸೆನ್ಸರ್, ಅದರಿಂದ ಹೊರಡೋ ಕೇಬಲ್ ಹುಡುಕಿ. ಅದು ಆಕ್ಸಲ್ ಕೌಂಟರ್. ಒಳಗೆ ಹೋದ ಅಚ್ಚು ಎಷ್ಟು ಹೊರಗೆ ಬಂದ ಅಚ್ಚು ಎಷ್ಟು ಅಂತ ಎಣಿಸುತ್ತೆ, ಎರಡೂ ತಾಳೆ ಆಗೋವರೆಗೆ ಆ ಸೆಕ್ಷನ್‌ನಲ್ಲಿ ರೈಲಿದೆ ಅಂತಲೇ ಲೆಕ್ಕ.

ಕೆಲವರು ಇಷ್ಟು ಹೇಳಿದ ಮೇಲೂ ‘ಹಳೇ ಸ್ಟೇಷನ್ ವಿಡಿಯೋದಲ್ಲಿ ಹಿಂಗಿರ್ಲಿಲ್ಲ ಸಾರ್’ ಅಂತ ವಾದಕ್ಕೆ ಬರ್ತಾರೆ. ನಿಜ, ತೋಳು ಎದ್ದು ಬೀಳೋ ಹಳೇ ಕೈಮರದ ಸಿಗ್ನಲ್‌ಗಳಲ್ಲಿ ಲಿವರ್ ಎಳೆಯೋನು ಮನುಷ್ಯ, ಪೂರ್ತಿ ರೈಲು ದಾಟಿದ ಮೇಲೇ ಅವನು ಲಿವರ್ ವಾಪಸ್ ಹಾಕ್ತಿದ್ದ, ಅದಕ್ಕೆ ಕೊನೇ ಬೋಗಿ ಹೋಗೋವರೆಗೂ ತೋಳು ಹಾಗೇ ಇರ್ತಿತ್ತು. ಆಗಲೂ ಸ್ಟೇಷನ್ ಬಿಟ್ಟು ಹೋಗುವಾಗ ಸಿಗೋ ಕೊನೇ ಸಿಗ್ನಲ್‌ಗೆ ಎಷ್ಟೋ ಕಡೆ ರಿವರ್ಸರ್ ಅಂತ ಒಂದು ಸಾಧನ ಇತ್ತು, ರೈಲು ದಾಟಿದಾಗ ಅದು ತಾನಾಗೇ ತೋಳನ್ನ ಹಿಂದಕ್ಕೆ ತರ್ತಿತ್ತು. ಹಾಗಾಗಿ ಈ ಯೋಚನೆ ಹೊಸದೇನಲ್ಲ.

ಇನ್ನು ರೆಡ್ ಜಂಪ್ ವಿಷಯ. ಕೆಂಪು ಸಿಗ್ನಲನ್ನ ಅನುಮತಿ ಇಲ್ದೆ ದಾಟಿದ್ರೆ ರೈಲ್ವೆಯಲ್ಲಿ ಸ್ಪ್ಯಾಡ್ ಅಂತಾರೆ. ಪೈಲಟ್‌ಗಳಿಗೆ ಅದಕ್ಕಿಂತ ದೊಡ್ಡ ಕಳಂಕ ಇಲ್ಲ, ಡ್ಯೂಟಿಯಿಂದ ಇಳಿಸಿ ವಿಚಾರಣೆ ಮಾಡ್ತಾರೆ. ಆ ಮಾತನ್ನ ನೀವು ಹತ್ತು ಸೆಕೆಂಡಿನ ಕ್ಲಿಪ್ ಇಟ್ಕೊಂಡು ಹೇಳ್ಬೇಡಿ. ಮೊದಲು ನೋಡ್ಬೇಕಾದ್ದು ಒಂದೇ, ಮುಂದಿನ ಗಾಲಿ ಕಂಬ ದಾಟಿದ್ದು ಮೊದಲೋ ಕೆಂಪು ಬಂದಿದ್ದು ಮೊದಲೋ. ದೂರದಿಂದ ಝೂಮ್ ಹಾಕಿ ತೆಗೆದ್ರೆ ಎಂಜಿನ್ನು ಕಂಬ ಎರಡೂ ಅಂಟ್ಕೊಂಡ ಹಾಗೆ ಕಾಣುತ್ತೆ, ಅದ್ರಲ್ಲಿ ಈ ಲೆಕ್ಕ ಸಿಗಲ್ಲ. ಕೆಂಪೇ ಮೊದಲು ಬಂದಿದ್ರೂ ಪೈಲಟ್ ಕೈಯಲ್ಲಿ ಸ್ಟೇಷನ್ ಮಾಸ್ಟರ್ ಕೊಟ್ಟ ಲಿಖಿತ ಅನುಮತಿ ಇರಬಹುದು, ಕೆಳಗೆ ಕಾಲಿಂಗ್ ಆನ್, ಅಂದ್ರೆ ಕೆಂಪಿದ್ರೂ ನಿಧಾನವಾಗಿ ಹುಷಾರಾಗಿ ಮುಂದೆ ಬಾ ಅನ್ನೋ ಸಿಗ್ನಲ್‌ನ ಸಣ್ಣ ಹಳದಿ ಉರೀತಿರಬಹುದು.

ಕಂಬದ ಮೇಲೆ ಬಿಳಿ ವೃತ್ತದಲ್ಲಿ ಕಪ್ಪು ‘ಎ’ ಅಕ್ಷರ ಇದ್ಯಾ ಅಂತಲೂ ನೋಡಿ. ಅದು ಆಟೋಮ್ಯಾಟಿಕ್ ಸಿಗ್ನಲ್. ಅದು ಕೆಂಪಿದ್ರೆ ಪೈಲಟ್ ನಿಲ್ಲಿಸಿ, ಹಗಲಲ್ಲಿ 1 ನಿಮಿಷ ರಾತ್ರಿ 2 ನಿಮಿಷ ಕಾದು, ಆಮೇಲೆ ಬಹಳ ನಿಧಾನವಾಗಿ ಮುಂದೆ ಹೋಗೋಕೆ ನಿಯಮದಲ್ಲೇ ಅವಕಾಶ ಇದೆ. ಹಳದಿ ವೃತ್ತದಲ್ಲಿ ಕಪ್ಪು ‘ಜಿ’ ಇದ್ರೆ ಗೇಟ್ ಸಿಗ್ನಲ್, ಅಲ್ಲೂ ಅಷ್ಟೇ ಹೊತ್ತು ಕಾದು ಗೇಟಿನ ತನಕ ಹುಷಾರಾಗಿ ಹೋಗ್ತಾರೆ, ಗೇಟ್ ಮುಚ್ಚಿರೋದು ಖಾತ್ರಿ ಆದ ಮೇಲೇ ದಾಟೋದು. ಅಕ್ಷರ ನೋಡದೆ ಬರೀ ಬಣ್ಣ ನೋಡೋರು ಈ ಹವ್ಯಾಸದಲ್ಲಿ ಅರ್ಧ ಕಣ್ಣು ಮುಚ್ಕೊಂಡೇ ಇದ್ದಾರೆ.

ನಿಜವಾಗ್ಲೂ ಏನಾದ್ರೂ ನೋಡ್ಬೇಕು ಅಂತಿದ್ರೆ ಎ ಅಕ್ಷರದ ಸಿಗ್ನಲ್ ಕಾಣೋ ಫುಟ್ ಓವರ್‌ಬ್ರಿಡ್ಜ್ ಮೇಲೆ ನಿಂತು, ರೈಲು ಹೋದ ಮೇಲೂ ಅದೇ ಸಿಗ್ನಲ್ ನೋಡ್ತಾ ಇರಿ. ರೈಲು ಮುಂದಿನ ಸಿಗ್ನಲ್ ದಾಟಿದ ಕೂಡ್ಲೇ ಇದು ಹಳದಿ ಆಗಲ್ಲ. ಕೊನೇ ಬೋಗಿ ಅದನ್ನ ದಾಟಿ ಇನ್ನೂ ಕನಿಷ್ಠ 120 ಮೀಟರ್ ಮುಂದೆ ಹೋಗ್ಬೇಕು, ಆ ಹೆಚ್ಚುವರಿ ಜಾಗಕ್ಕೆ ಓವರ್‌ಲ್ಯಾಪ್ ಅಂತಾರೆ. ಆಮೇಲೆ ಹಳದಿ, ಇನ್ನೊಂದು ಸಿಗ್ನಲ್ ಆಚೆ ಹೋದ್ರೆ ಡಬಲ್ ಹಳದಿ, ಮತ್ತೊಂದು ದಾಟಿದ್ರೆ ಹಸಿರು. ಕಣ್ಣಿಗೆ ಕಾಣದ ರೈಲು ಎಷ್ಟು ದೂರ ಹೋಯ್ತು ಅಂತ ಒಂದೇ ಕಂಬ ಹೇಳ್ತಾ ಹೋಗುತ್ತೆ. ಆದ್ರೆ ಅಬ್ಸಲ್ಯೂಟ್ ಬ್ಲಾಕ್, ಅಂದ್ರೆ ಎರಡು ಸ್ಟೇಷನ್ ಮಧ್ಯೆ ಒಂದು ಸಲಕ್ಕೆ ಒಂದೇ ರೈಲು ಬಿಡೋ ಪದ್ಧತಿ, ಇರೋ ಲೈನಲ್ಲಿ ಅಡ್ವಾನ್ಸ್ಡ್ ಸ್ಟಾರ್ಟರ್ (ಸ್ಟೇಷನ್ ಬಿಟ್ಟು ಹೋಗುವಾಗ ಸಿಗೋ ಕೊನೇ ಸಿಗ್ನಲ್) ಕೆಂಪಾದ್ರೆ, ಮುಂದಿನ ಸ್ಟೇಷನ್‌ನಿಂದ ಇನ್ನೊಂದು ರೈಲಿಗೆ ಲೈನ್ ಕ್ಲಿಯರ್, ಅಂದ್ರೆ ರೈಲು ಕಳಿಸಬಹುದು ಅನ್ನೋ ಒಪ್ಪಿಗೆ, ಸಿಗೋವರೆಗೆ ಕೆಂಪಾಗೇ ಇರುತ್ತೆ. ಅಲ್ಲಿ ಗಂಟೆಗಟ್ಟಲೆ ಬಣ್ಣ ಬದಲಾಗ್ಲಿಲ್ಲ ಅಂತ ನಂಗೆ ಮೆಸೇಜ್ ಹಾಕ್ಬೇಡಿ ದಯವಿಟ್ಟು.

ಪ್ರಶ್ನೆ: ಗೇಟ್ ಹಾಕಿ ಹತ್ತು ನಿಮಿಷ ಆದ್ರೂ ರೈಲು ಬರಲ್ಲ. ಒಂದು ನಿಮಿಷ ತೆಗೆದು ಗಾಡಿ ಬಿಟ್ರೆ ಗೇಟ್‌ಮನ್ ಗಂಟೇನು ಹೋಗುತ್ತೆ?

ಅವನ ಕೈಲಿಲ್ಲ ಅದು. ಇಂಟರ್‌ಲಾಕ್ ಆದ ಗೇಟಲ್ಲಿ ಗೇಟ್ ಮುಚ್ಚಿ ಲಾಕ್ ಬಿದ್ದ ಮೇಲಷ್ಟೇ ಸಿಗ್ನಲ್ ಕೊಡೋಕಾಗೋದು, ಸಿಗ್ನಲ್ ಕೊಟ್ಟ ಮೇಲೆ ಗೇಟ್ ತೆಗೆಯೋಕಾಗಲ್ಲ. ನಿಮಗಾಗಿ ತೆಗೀಬೇಕು ಅಂದ್ರೆ ಬರ್ತಿರೋ ರೈಲಿನ ಮುಖಕ್ಕೆ ಸಿಗ್ನಲ್ ಕೆಂಪು ಮಾಡ್ಬೇಕು. ಇಂಟರ್‌ಲಾಕ್ ಇಲ್ಲದ ಕಡೆ ಅವನು ಸ್ಟೇಷನ್ ಮಾಸ್ಟರ್ ಜೊತೆ ಫೋನಲ್ಲಿ ಪ್ರೈವೇಟ್ ನಂಬರ್ (ಮಾತು ಖಾತ್ರಿ ಮಾಡೋ ಗುಟ್ಟಿನ ಸಂಖ್ಯೆ) ಬದಲಾಯಿಸ್ಕೊಂಡು, ಗೇಟ್ ಮುಚ್ಚಿದೆ ಅಂತ ಮಾತು ಕೊಟ್ಟಿರ್ತಾನೆ, ಅದು ರಿಜಿಸ್ಟರಲ್ಲಿ ಬರೆದಾಗಿರುತ್ತೆ. ಗೇಟ್‌ಮನ್ ಮೇಲೆ ಕೂಗಾಡೋರು, ಬೈಕ್ ಮಲಗಿಸಿ ಗೇಟಿನ ಕೆಳಗೆ ನುಗ್ಗೋರು, ಇವರನ್ನ ವಿಡಿಯೋ ಮಾಡಿ ನಗೋರು, ಮೂರೂ ಜನ ನಂಗೆ ಒಂದೇ. ಮುಚ್ಚಿದ ಗೇಟನ್ನ ಬಲವಂತವಾಗಿ ತೆಗೆದ್ರೆ 1989ರ ರೈಲ್ವೆ ಕಾಯ್ದೆಯ 160ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, ಮುರಿದ್ರೆ 5 ವರ್ಷದವರೆಗೆ.

ಪ್ರಶ್ನೆ: ಹಳದಿ ಅಂದ್ರೆ ಎಷ್ಟು ಸ್ಪೀಡು?

ಸ್ಪೀಡಿನ ನಂಬರ್ ಅಲ್ಲ ಅದು. ಮುಂದಿನ ಸಿಗ್ನಲ್ ಹತ್ರ ನಿಲ್ಲೋಕೆ ರೆಡಿಯಾಗಿ ಹೋಗು ಅಂತ ಅರ್ಥ.

ಪ್ರಶ್ನೆ: ಲೈಟೇ ಇಲ್ಲದ ಸಿಗ್ನಲ್ ಬಂದ್ರೆ ಫ್ರೀಯಾಗಿ ಹೋಗ್ಬಹುದಂತೆ, ಹೌದಾ?

ಯಾರು ಹೇಳಿದ್ರೋ ಅವರ ಹತ್ರ ಮತ್ತೇನೂ ಕೇಳ್ಬೇಡಿ. ಆ ಸಿಗ್ನಲ್ ಕೊಡಬಹುದಾದ ಅತಿ ಕಟ್ಟುನಿಟ್ಟಿನ ಸೂಚನೆ ಯಾವ್ದೋ ಅದೇ ಇದೆ ಅಂತ ಪೈಲಟ್ ತಿಳ್ಕೋಬೇಕು.

ಪ್ರಶ್ನೆ: ಓರೆಯಾಗಿ ಬಿಳಿ ಲೈಟು ಉರಿಯೋದು ಏನು?

ಸಿಗ್ನಲ್ ತಲೆ ಮೇಲೆ ಐದು ಬಿಳಿ ಲೈಟ್ ಸಾಲಾಗಿದ್ರೆ ರೂಟ್ ಇಂಡಿಕೇಟರ್, ರೈಲು ಮೇನ್ ಲೈನ್ ಬಿಟ್ಟು ಆ ಸಾಲು ವಾಲಿದ ಕಡೆ ತಿರುಗುತ್ತೆ. ಎರಡೇ ಇದ್ರೆ ಶಂಟ್ ಸಿಗ್ನಲ್, ಅಂದ್ರೆ ಸ್ಟೇಷನ್ ಒಳಗೆ ಎಂಜಿನ್, ಬೋಗಿ ಅತ್ತಿತ್ತ ಸರಿಸೋಕೆ (ಶಂಟಿಂಗ್) ಇರೋದು, ಅಡ್ಡಡ್ಡ ಇದ್ರೆ ನಿಲ್ಲು, ಓರೆ ಇದ್ರೆ ಶಂಟಿಂಗ್‌ಗೆ ಬಾ.

ಪ್ರಶ್ನೆ: ಗೇಟ್‌ಮನ್ ಇಲ್ಲದ ಲೆವೆಲ್ ಕ್ರಾಸಿಂಗ್ ಫೋಟೋ ಬೇಕು, ಎಲ್ಲಿ ಸಿಗುತ್ತೆ?

ಬ್ರಾಡ್‌ಗೇಜ್‌ನಲ್ಲಿ 2019ರ ಜನವರಿ 31ಕ್ಕೇ ಎಲ್ಲ ತೆಗೆದುಹಾಕಿ ಆಯ್ತು. ಒಳ್ಳೇದೇ ಆಯ್ತು, ಹುಡುಕ್ಬೇಡಿ.

ಪ್ರಶ್ನೆ: ಪಾಯಿಂಟ್ ಮಷೀನ್ ಕೆಲಸ ಹತ್ರದಿಂದ ನೋಡೋಕೆ ಹಳಿ ಪಕ್ಕ ಎಲ್ಲಿ ನಿಲ್ಲೋದು ಸೇಫು?

ಎಲ್ಲೂ ಇಲ್ಲ. ಪಾಯಿಂಟ್ ಸರಿಯೋದು ಕಂಟ್ರೋಲ್ ರೂಮಿಂದ, ನೀವು ಅಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ಸರಿಯೋ ಹಳಿಗೂ ಪಕ್ಕದ ಹಳಿಗೂ ಮಧ್ಯೆ 5 ಮಿಲಿಮೀಟರ್ ದಪ್ಪದ ತುಂಡು ಇಟ್ರೆ ಪಾಯಿಂಟ್ ಲಾಕ್ ಆಗ್ಬಾರ್ದು ಅಂತ ಸಿಬ್ಬಂದಿ ಟೆಸ್ಟ್ ಮಾಡ್ತಾರೆ, ಅಷ್ಟು ನಾಜೂಕಿನ ಜಾಗ ಅದು. ನಿಮ್ಮ ಚಪ್ಪಲಿ ಅಲ್ಲಿ ಹೋಗ್ಬಾರ್ದು. ಸೇತುವೆ ಮೇಲಿಂದ ಲೆನ್ಸ್ ಹಾಕಿ ನೋಡಿ, ಸಿಬ್ಬಂದಿ ಬೇಡ ಅಂದ್ರೆ ಕ್ಯಾಮೆರಾ ಒಳಗಿಡಿ, ವಾದ ಬೇಡ.

ಪ್ರಶ್ನೆ: ಆನ್‌ಲೈನಲ್ಲಿ ಒಬ್ರು ಹಳೇ ಸಿಗ್ನಲ್ ಗಾಜು, ರಿಲೇ ಮಾರ್ತಿದ್ದಾರೆ, ತಗೊಳ್ಳಬಹುದಾ?

ರೈಲ್ವೆ ಹರಾಜಿನ ಕಾಗದ ತೋರಿಸಿದ್ರೆ ತಗೊಳ್ಳಿ, ಇಲ್ಲಾಂದ್ರೆ ಮುಟ್ಟಬೇಡಿ. ಕದ್ದ ರೈಲ್ವೆ ಸಾಮಾನು ಮನೇಲಿ ಇಟ್ಕೊಳ್ಳೋದೂ 1966ರ ಕಾಯ್ದೆ ಪ್ರಕಾರ ಅಪರಾಧ. ಹಾಂ, ಸೀಮೆಎಣ್ಣೆ ದೀಪದ ಕಾಲದ ‘ಹಸಿರು’ ಗಾಜು ನೀಲಿ ಕಾಣ್ತಿದೆ, ಡೂಪ್ಲಿಕೇಟ್ ಅಂತ ಬೈಬೇಡಿ. ದೀಪದ ಬೆಳಕೇ ಹಳದಿ ಇರ್ತಿತ್ತು, ಅದಕ್ಕೆ ನೀಲಿ ಕಡೆ ವಾಲಿದ ಗಾಜು ಹಾಕಿದ್ರೇನೇ ದೂರಕ್ಕೆ ಹಸಿರು ಕಾಣ್ತಿದ್ದಿದ್ದು.