ರಾವುಲ್ ಹಿಲ್‌ಬರ್ಗ್ ಯಾರು? ಇತಿಹಾಸಕಾರರಾಗಿ ಅವರು ಮಾಡಿದ್ದೇನು?

ನಾಜಿಗಳು ನಡೆಸಿದ ಯಹೂದಿ ನರಮೇಧದ ಬಗ್ಗೆ ಗಂಭೀರ ಸಂಶೋಧನೆಗೆ ಬುನಾದಿ ಹಾಕಿದವರಲ್ಲಿ ಇವರು ಪ್ರಮುಖರು. 1926ರಲ್ಲಿ ವಿಯೆನ್ನಾದ ಯಹೂದಿ ಮನೆತನದಲ್ಲಿ ಹುಟ್ಟಿದರು. 1939ರಲ್ಲಿ ಮನೆಯವರು ಆಸ್ಟ್ರಿಯಾ ಬಿಟ್ಟು ಓಡಬೇಕಾಯಿತು. ಮುಂದೆ ಅಮೆರಿಕದ ಸೈನಿಕರಾಗಿ ಯುರೋಪಿಗೆ ಮರಳಿದರು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಪಿಎಚ್‌ಡಿ ಮಾಡ್ತೀನಿ ಅಂದಾಗ, ಇದರಿಂದ ನಿನ್ನ ವೃತ್ತಿಯೇ ಮುಳುಗಿಹೋದೀತು ಎಂದು ಗುರು ಫ್ರಾಂಜ್ ನಾಯ್ಮನ್ ಎಚ್ಚರಿಸಿದ್ದರು. ಆಗ ಈ ವಿಷಯ ಯಾರಿಗೂ ಬೇಕಿರಲಿಲ್ಲ. ಆ ಸಂಶೋಧನೆಯಿಂದ ಬಂದ ‘ದಿ ಡಿಸ್ಟ್ರಕ್ಷನ್ ಆಫ್ ದಿ ಯುರೋಪಿಯನ್ ಜ್ಯೂಸ್’ ಪುಸ್ತಕಕ್ಕೂ ಸುಲಭವಾಗಿ ಪ್ರಕಾಶಕರು ಸಿಗಲಿಲ್ಲ. ಕೊನೆಗೆ 1961ರಲ್ಲಿ ಷಿಕಾಗೋದ ಸಣ್ಣ ಪ್ರಕಾಶನವೊಂದು ಅಚ್ಚು ಹಾಕಿತು.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಅವರ ವಿಧಾನ. ಹಿಟ್ಲರ್ ಒಬ್ಬನ ದ್ವೇಷವನ್ನಷ್ಟೇ ನೋಡದೆ, ಸರ್ಕಾರಿ ಕಚೇರಿಗಳ ಕಡತಗಳನ್ನು ಓದಿದರು. ನಾಜಿಗಳು ಮೊದಲು ಯಹೂದಿ ಯಾರೆಂದು ಕಾನೂನು ಬರೆದರು, ಆಮೇಲೆ ಆಸ್ತಿ ಕಿತ್ತುಕೊಂಡರು, ಒಂದೆಡೆ ಕೂಡಿಹಾಕಿದರು, ಕಡೆಗೆ ಕೊಂದರು. ಪ್ರತಿ ಹೆಜ್ಜೆಗೂ ಗುಮಾಸ್ತರು ಬೇಕಿದ್ದರು. ರೈಲ್ವೆ ದಾಖಲೆಗಳಂತೂ ಎದೆ ನಡುಗಿಸುತ್ತವೆ. ಸಾವಿನ ಶಿಬಿರಗಳಿಗೆ ಸಾಗಿಸಿದ ಜನರಿಗೂ ಜರ್ಮನ್ ರೈಲ್ವೆ ಟಿಕೆಟ್ ದರ ಹಾಕಿತ್ತು: ಹೋಗುವುದಕ್ಕೆ ಮಾತ್ರ, 10 ವರ್ಷದೊಳಗಿನ ಮಕ್ಕಳಿಗೆ ಅರ್ಧ, 4 ವರ್ಷದೊಳಗಿನವರಿಗೆ ಉಚಿತ! ಕಾವಲುಗಾರರಿಗೆ ಮಾತ್ರ ವಾಪಸ್ ಟಿಕೆಟ್.

ಯಹೂದಿಗಳ ಪ್ರತಿರೋಧವನ್ನು ಕಡಿಮೆ ಅಂದಾಜು ಮಾಡಿದರು ಎಂಬ ಟೀಕೆ ಅವರ ಮೇಲಿದೆ. ಅದರಲ್ಲಿ ಹುರುಳಿದೆ. ಕೊಂದವರ ಕಾಗದಗಳನ್ನೇ ಹೆಚ್ಚು ನೆಚ್ಚಿದರೆ ಸತ್ತವರ ದನಿ ಕೇಳುವುದು ಕಷ್ಟ, ಅಲ್ವಾ?

1956ರಿಂದ 1991ರವರೆಗೆ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1985 ಮತ್ತು 2003ರಲ್ಲಿ ಅದೇ ಪುಸ್ತಕವನ್ನು ತಿದ್ದಿ ಬೆಳೆಸಿದರು. 2007ರಲ್ಲಿ ತೀರಿಕೊಂಡರು.