ಓದುಗರ ಪ್ರಶ್ನೆ: ಪಾಠ ಮೊದಲು, ಪರದೆ ಆಮೇಲೆ

ಪ್ರಶ್ನೆ: ನಾವು ಪ್ರೌಢಶಾಲಾ ಶಿಕ್ಷಕರಿಗೆ ಎರಡು ದಿನದ ತಂತ್ರಜ್ಞಾನ ತರಬೇತಿ ಕೊಡುತ್ತೇವೆ. ಇ-ಮೇಲ್, ಸ್ಲೈಡ್, ವಿಡಿಯೊ ಎಡಿಟಿಂಗ್, ಆನ್‌ಲೈನ್ ರಸಪ್ರಶ್ನೆ, ಸಿಮ್ಯುಲೇಶನ್ (ಪರದೆಯ ಮೇಲಿನ ಅಣಕು ಪ್ರಯೋಗ) ಎಲ್ಲವೂ ವೇಳಾಪಟ್ಟಿಯಲ್ಲಿವೆ. ಎಲ್ಲರೂ ಉತ್ಸಾಹದಿಂದಲೇ ಕಲಿಯುತ್ತಾರೆ. ಮೂರು ತಿಂಗಳು ಬಿಟ್ಟು ಶಾಲೆಗೆ ಹೋಗಿ ನೋಡಿದರೆ ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ಹಾಗೆಯೇ ಇರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
– ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕಿ

ಉತ್ತರ: ನಿಮ್ಮ ವೇಳಾಪಟ್ಟಿಯಲ್ಲಿ ಐದು ಸಾಧನಗಳಿವೆ ಮೇಡಂ, ಪಾಠ ಒಂದೂ ಇಲ್ಲ. ವಿಷಯಜ್ಞಾನ, ಬೋಧನಾ ವಿಧಾನ, ತಂತ್ರಜ್ಞಾನ ಈ ಮೂರನ್ನೂ ಬೇರೆ ಬೇರೆಯಾಗಿ ಕಲಿಸಿದರೆ ಸಾಲದು, ಮೂರೂ ಕೂಡುವ ಜಾಗದಲ್ಲೇ ಶಿಕ್ಷಕರ ನಿಜವಾದ ಪರಿಣತಿ ಇರುವುದು ಎಂದು ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲೇ ವಾದಿಸಿದ್ದರು. ಹಾಗಾಗಿ ಎರಡು ದಿನಕ್ಕೆ ಒಂದೇ ಸಾಧನ, ಒಂದೇ ಘಟಕ ಇಟ್ಟುಕೊಳ್ಳಿ.

ವಿಜ್ಞಾನ ಶಿಕ್ಷಕರಾದರೆ ವಿದ್ಯುತ್ ಮಂಡಲ ಒಳ್ಳೆಯ ಆಯ್ಕೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನು ಪುಕ್ಕಟೆಯಾಗಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು, ಇಂಟರ್ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ಓಡುತ್ತವೆ. 9 ವೋಲ್ಟಿನ ಬ್ಯಾಟರಿಗೆ 10 ಓಮ್‌ನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಲು ಹೇಳಿ. ಅಮ್ಮೀಟರ್ ಇಡುವ ಮೊದಲೇ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾಗದದ ಮೇಲೆ ಬರೆಯಬೇಕು. ಸರಣಿಯಲ್ಲಿ 0.45 ಆಂಪಿಯರ್ ಬರುತ್ತದೆ. ಅವೇ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಂದೊಂದರಲ್ಲೂ 0.9, ಬ್ಯಾಟರಿಯಿಂದ ಒಟ್ಟು 1.8. ಊಹೆ ಬರೆಸದೆ ನೇರವಾಗಿ ತೋರಿಸಿದರೆ ಮಕ್ಕಳು ನೋಡುತ್ತಾರೆ, ಮರೆಯುತ್ತಾರೆ. ಊಹೆ ತಪ್ಪಿದ ಮಗು ಮಾತ್ರ ‘ಯಾಕೆ?’ ಎಂದು ಕೇಳುತ್ತದೆ.

ಶಿಕ್ಷಕರು ತರಬೇತಿಯಲ್ಲೇ ಎದುರಿಸಬೇಕಾದ ತೊಡಕೊಂದು ಇಲ್ಲಿದೆ. ಈ ಸಿಮ್ಯುಲೇಶನ್ ತೆರೆದಾಗ ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನುಗಳು. ಪಠ್ಯಪುಸ್ತಕದ ಬಾಣದ ಗುರುತು ಅದಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ‘ಸರ್, ಉಲ್ಟಾ ಹೋಗ್ತಿದೆ’ ಎಂದು ಮಗು ಹೇಳಿದ ದಿನ ಉತ್ತರ ತೋಚದ ಶಿಕ್ಷಕರು ಮರುದಿನ ಕಂಪ್ಯೂಟರ್ ಹಚ್ಚುವುದಿಲ್ಲ. ಪಠ್ಯಪುಸ್ತಕದ ಬಾಣದಂತೆಯೇ ಹರಿಯುವ ಸಾಂಪ್ರದಾಯಿಕ ವಿದ್ಯುತ್ ಪ್ರವಾಹದ ಆಯ್ಕೆ ಪಕ್ಕದಲ್ಲೇ ಇದೆ. ಎರಡನ್ನೂ ತೋರಿಸಿದರೆ ಅದೇ ಒಂದು ಪಾಠವಾಗುತ್ತದೆ.

ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿ. ಒಬ್ಬರು ಸೂಚನೆ ಓದಲಿ, ಇನ್ನೊಬ್ಬರು ಮಾಡಲಿ, 20 ನಿಮಿಷಕ್ಕೊಮ್ಮೆ ಬದಲಾಗಲಿ. ಸಂಪನ್ಮೂಲ ವ್ಯಕ್ತಿ ಯಾವ ಕಾರಣಕ್ಕೂ ಶಿಬಿರಾರ್ಥಿಯ ಕೈಯಿಂದ ಮೌಸ್ ಕಸಿದುಕೊಳ್ಳಬಾರದು. ಇದೊಂದನ್ನು ಕಟ್ಟುನಿಟ್ಟಾಗಿ ಪಾಲಿಸಿದರೂ ಅರ್ಧ ಕೆಲಸವಾದಂತೆ. ಶಾಲೆಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್ ಅಲ್ಲದೆ ಉಬುಂಟು ಕಾರ್ಯಾಚರಣೆ ವ್ಯವಸ್ಥೆ ಆಗಿದ್ದರೆ ತರಬೇತಿಯೂ ಉಬುಂಟುವಿನಲ್ಲೇ ನಡೆಯಲಿ. ಎರಡನೇ ದಿನ ಮಧ್ಯಾಹ್ನ ಪ್ರತಿ ಜೋಡಿಯೂ 10 ನಿಮಿಷ ಪಾಠ ಮಾಡಿ ತೋರಿಸಲಿ. ಮುಂದಿನ ಸಮಾಲೋಚನಾ ಸಭೆಗೆ ಬರುವಾಗ ತರಗತಿಯ ಫೋಟೊ ಬೇಡ, ಮಕ್ಕಳು ಊಹೆ ಬರೆದ ಹಾಳೆಗಳನ್ನು ತರಲು ಹೇಳಿ. ಫೋಟೊದಲ್ಲಿ ಪರದೆ ಕಾಣುತ್ತದೆ, ಕಲಿಕೆ ಕಾಣುವುದಿಲ್ಲ.

ಪ್ರಶ್ನೆ: ವೃತ್ತಕೇಂದ್ರದಲ್ಲಿನ ಕೋನವು ಪರಿಧಿಯಲ್ಲಿನ ಕೋನದ ಎರಡರಷ್ಟು ಎಂಬುದನ್ನು ಜಿಯೋಜಿಬ್ರಾ ಗಣಿತ ತಂತ್ರಾಂಶದಲ್ಲಿ ತೋರಿಸಲು ಹೋದರೆ ಒಮ್ಮೊಮ್ಮೆ 235 ಡಿಗ್ರಿ, 250 ಡಿಗ್ರಿ ಎಂದೆಲ್ಲ ಬರುತ್ತದೆ. ಬಿಂದು ವೃತ್ತ ಬಿಟ್ಟು ಆಚೆ ಓಡುತ್ತದೆ. ಮಕ್ಕಳ ಮುಂದೆ ಪ್ರಮೇಯವೇ ಸುಳ್ಳಾದಂತಾಗುತ್ತದೆ.
– ಗಣಿತ ಶಿಕ್ಷಕರು, ಸಿಂಧನೂರು

ಉತ್ತರ: ತೊಂದರೆಗಳು ಎರಡಲ್ಲ, ಮೂರು. ಒಂದೊಂದಾಗಿ ನೋಡೋಣ.

ಕೇಂದ್ರ ಮತ್ತು ಒಂದು ಬಿಂದುವಿನ ಮೂಲಕ ವೃತ್ತ ಎಳೆಯುವ ಸಾಧನ ಆರಿಸಿ. ಕೇಂದ್ರ ಎ, ವೃತ್ತದ ಮೇಲಿನ ಬಿಂದು ಬಿ. ನಂತರ ಸಿ, ಡಿ ಬಿಂದುಗಳನ್ನು ಇಡುವಾಗ ಕರ್ಸರನ್ನು ವೃತ್ತದ ಗೆರೆಯ ಮೇಲೇ ತಂದು ಕ್ಲಿಕ್ ಮಾಡಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದರೂ ಅದು ಸ್ವತಂತ್ರ ಬಿಂದು, ಎಳೆದಾಗ ಆಚೆ ಓಡುತ್ತದೆ. ಬಣ್ಣ ನೋಡಿ ಪತ್ತೆ ಹಚ್ಚಬಹುದು: ವೃತ್ತಕ್ಕೆ ಅಂಟಿದ ಬಿಂದು ತಿಳಿನೀಲಿ, ಸ್ವತಂತ್ರ ಬಿಂದು ಅದಕ್ಕಿಂತ ಗಾಢ ನೀಲಿ.

ಇನ್ನು ಬಿ, ಸಿಗಳನ್ನು ಸೇರಿಸಿ ಎಯಲ್ಲೂ ಡಿಯಲ್ಲೂ ಉಂಟಾಗುವ ಕೋನ. ಜಿಯೋಜಿಬ್ರಾ ಕೋನವನ್ನು ಅಳೆಯುವುದು ಅಪ್ರದಕ್ಷಿಣವಾಗಿ. ಮೂರು ಬಿಂದುಗಳನ್ನು ಒತ್ತುವ ಕ್ರಮ ತಿರುಗಿದರೆ 110 ಇರಬೇಕಾದಲ್ಲಿ 250 ಬರುತ್ತದೆ. ಕೋನದ ಗುಣಲಕ್ಷಣಗಳಿಗೆ ಹೋಗಿ ವ್ಯಾಪ್ತಿಯನ್ನು 0ಯಿಂದ 180 ಡಿಗ್ರಿಗೆ ಬದಲಿಸಿ. ಎರಡು ಕೋನಗಳಿಗೂ ಇದನ್ನು ಮಾಡಬೇಕು. ಡಿ ಬಿಂದುವನ್ನು ಎಳೆಯುತ್ತಾ ಹೋದಾಗ ಒಮ್ಮೆಲೇ 55 ಇದ್ದದ್ದು 235 ಆಗಿ ಹಾರುವುದೂ ಇದೇ ಕಾರಣಕ್ಕೆ.

ಮೂರನೆಯದು ಸಾಫ್ಟ್‌ವೇರಿನ ದೋಷವಲ್ಲ, ಗಣಿತದ ಸೊಗಸು. ಕೇಂದ್ರಕೋನ 110 ಎಂದಿಟ್ಟುಕೊಳ್ಳಿ. ಡಿ ಬಿಂದು ದೊಡ್ಡ ಕಂಸದ ಮೇಲಿರುವವರೆಗೂ 55 ತೋರಿಸುತ್ತದೆ. ಎಲ್ಲಿಗೆ ಎಳೆದರೂ 55. ಅದು ಬಿ ಅಥವಾ ಸಿ ದಾಟಿ ಚಿಕ್ಕ ಕಂಸಕ್ಕೆ ಬಂದ ಕೂಡಲೇ 125 ಆಗುತ್ತದೆ. ಪರದೆಯಲ್ಲಿ ಕೇಂದ್ರಕೋನ ಇನ್ನೂ 110. 125ರ ಎರಡರಷ್ಟು 250, ಅಂದರೆ 360ರಲ್ಲಿ 110 ಕಳೆದರೆ ಉಳಿಯುವ ಸರಳಾಧಿಕ ಕೋನ. ಚಿಕ್ಕ ಕಂಸದ ಮೇಲೆ ನಿಂತ ಡಿ ‘ನೋಡುತ್ತಿರುವುದು’ ಎದುರಿನ ದೊಡ್ಡ ಕಂಸವನ್ನು. ಇದನ್ನು ನೀವೇ ಹೇಳಿಬಿಡಬೇಡಿ. 55, 110, 125 ಈ ಮೂರನ್ನೂ ಕರಿಹಲಗೆಯ ಮೇಲೆ ಬರೆದು ಐದು ನಿಮಿಷ ಬಿಡಿ. ಸ್ಥಿರ ಚಿತ್ರದಲ್ಲಿ ಈ ಪ್ರಶ್ನೆ ಹುಟ್ಟುವುದು ಕಷ್ಟ, ಎಳೆದಾಡುವ ಚಿತ್ರದಲ್ಲಿ ಹುಟ್ಟದೆ ಇರುವುದೇ ಇಲ್ಲ. ಜಿಯೋಜಿಬ್ರಾ ಬೇಕಾಗಿರುವುದು ಇದಕ್ಕಾಗಿಯೇ.

ಒಮ್ಮೊಮ್ಮೆ 53.13ಕ್ಕೆ 106.27 ಎಂದು ಬಂದು, ‘ಎರಡರಷ್ಟು ಅಂದರೆ 106.26 ತಾನೇ?’ ಎಂದು ಯಾರಾದರೂ ಕೇಳಬಹುದು. ಎರಡು ದಶಮಾಂಶ ಸ್ಥಾನಕ್ಕೆ ಅಂದಾಜಿಸಿದ್ದರ ಪರಿಣಾಮ ಅದು. ಸ್ಥಾನಗಳನ್ನು ಐದಕ್ಕೆ ಹೆಚ್ಚಿಸಿ ತೋರಿಸಿ. ಅಳತೆಯಿಂದ ಸಾಧನೆ ಆಗುವುದಿಲ್ಲ, ಪ್ರಮೇಯಕ್ಕೆ ಸಾಧನೆ ಯಾಕೆ ಬೇಕು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ಬಳಸಲು ದಾರಿ ಇದೆಯೇ? ಪುಸ್ತಕದ ಕ್ಯೂಆರ್ ಕೋಡ್‌ಗಳೂ ಕೆಲವು ಮಸುಕಾಗಿವೆ.
– ಶಿಕ್ಷಕಿ, ಶೃಂಗೇರಿ ತಾಲ್ಲೂಕು

ಉತ್ತರ: ಇದೆ. ಮನೆಯಲ್ಲೋ ಪೇಟೆಯಲ್ಲೋ ನೆಟ್‌ವರ್ಕ್ ಇದ್ದಾಗ ಆ್ಯಪ್ ತೆರೆದು, ಮಂಡಳಿ, ಮಾಧ್ಯಮ, ತರಗತಿ ಆರಿಸಿ, ಬೇಕಾದ ಅಧ್ಯಾಯವನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಕ್ಯೂಆರ್ ಓದದಿದ್ದರೆ ಅದರ ಕೆಳಗಿರುವ ಆರು ಅಕ್ಷರ-ಅಂಕಿಗಳನ್ನು ಟೈಪ್ ಮಾಡಿದರೂ ಸಾಕು. ಹೊರಡುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪ್ರತಿಯೊಂದನ್ನೂ ಓಡಿಸಿ ನೋಡಲೇಬೇಕು. ಯಾಕೆಂದರೆ ಕೆಲವು ವಿಡಿಯೊಗಳು ನಿಜವಾಗಿ ಯೂಟ್ಯೂಬ್‌ನಲ್ಲಿರುತ್ತವೆ, ನೆಟ್ ಇಲ್ಲದಾಗ ತೆರೆಯುವುದಿಲ್ಲ. ಸ್ಮಾರ್ಟ್ ಟಿವಿಗೆ ತೋರಿಸಲು ಮಿರಾಕಾಸ್ಟ್ (ಫೋನಿನ ಪರದೆಯನ್ನು ತಂತಿಯಿಲ್ಲದೆ ಟಿವಿಗೆ ಕಳಿಸುವ ಸೌಲಭ್ಯ) ಇರುವ ಫೋನ್, ಟಿವಿ ಆದರೆ ರೂಟರ್ ಬೇಕಿಲ್ಲ. ಕೇಬಲ್ ಕೊಳ್ಳುವ ಮುನ್ನ ನಿಮ್ಮ ಫೋನ್ ಚಾರ್ಜಿಂಗ್ ಪೋರ್ಟಿನಿಂದ ಚಿತ್ರ ಕಳಿಸುತ್ತದೆಯೇ ಎಂದು ವಿಚಾರಿಸಿ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಆ ಸೌಲಭ್ಯ ಇರುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಶಾಲೆಯ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.
– ಕನ್ನಡ ಶಿಕ್ಷಕರು, ಹುಣಸೂರು

ಉತ್ತರ: ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಇಂಗ್ಲಿಷೇ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ, ಅದರಲ್ಲಿ ಬರೆದದ್ದು ಎಲ್ಲೆಡೆ ಕನ್ನಡವಾಗಿಯೇ ತೆರೆಯುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್ ಆಯ್ಕೆ ಇದೆ, ಕೀಲಿಮಣೆ ವಿನ್ಯಾಸ ಮೊದಲಿನ ಹಾಗೆ ಕೆ.ಪಿ. ರಾವ್ ಅವರದ್ದೇ. ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಉಬುಂಟುವಿನಲ್ಲೂ ಇನ್‌ಪುಟ್ ಭಾಷೆಗೆ ಕನ್ನಡ ಕೆಜಿಪಿ ಸೇರಿಸಿಕೊಂಡರೆ ಅದೇ ವಿನ್ಯಾಸ ಸಿಗುತ್ತದೆ.

ಹಳೆಯ ಕಡತಗಳನ್ನು ಕನ್ವರ್ಟರ್‌ನಿಂದ ಬದಲಿಸಬಹುದು, ಆದರೆ ಕಡತವನ್ನು ಇಡಿಯಾಗಿ ಹಾಕಬೇಡಿ. ನಡುವೆ ಇಂಗ್ಲಿಷ್ ಪದ, ಸೂತ್ರಗಳಿದ್ದರೆ ಅವೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಕನ್ನಡ ಭಾಗವನ್ನಷ್ಟೇ ಆರಿಸಿ ಬದಲಿಸಿ. ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಸಾಲುಸಾಲಾಗಿ ಓದಿ ಸರಿಪಡಿಸಿ. ಮುದ್ರಣಕ್ಕೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡಿ.

ಪ್ರಶ್ನೆ: ಪ್ರೊಜೆಕ್ಟರ್ ಅರ್ಧ ಗಂಟೆಗೊಮ್ಮೆ ತಾನಾಗಿಯೇ ಆರಿಹೋಗುತ್ತದೆ. ಕರೆಂಟೂ ಆಗಾಗ ಹೋಗುತ್ತದೆ.
– ಮುಖ್ಯ ಶಿಕ್ಷಕರು, ಚಳ್ಳಕೆರೆ

ಉತ್ತರ: ಮೊದಲು ಗಾಳಿ ಶೋಧಕವನ್ನು ಬಿಚ್ಚಿ ನೋಡಿ. ಸೀಮೆಸುಣ್ಣದ ಪುಡಿ ತುಂಬಿಕೊಂಡು ಗಾಳಿ ಆಡದೆ ಬಿಸಿಯೇರಿರುವ ಸಾಧ್ಯತೆಯೇ ಹೆಚ್ಚು. ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್‌ನಿಂದ ಸ್ವಚ್ಛಗೊಳಿಸಿ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಆದರೆ ಕರೆಂಟ್ ಹೋದಾಗ ಒಳಗಿನ ಫ್ಯಾನ್ ನಿಂತು ಕಾದ ಲ್ಯಾಂಪ್ ಹಾಗೇ ಉಳಿಯುತ್ತದೆ, ಅದರ ಆಯುಷ್ಯ ಕಡಿಮೆಯಾಗುತ್ತದೆ. ಕರೆಂಟ್ ಬಂದ ತಕ್ಷಣ ಹಚ್ಚಬೇಡಿ, 15-20 ನಿಮಿಷ ತಣಿಯಲಿ. ಪ್ರೊಜೆಕ್ಟರ್ 300 ವ್ಯಾಟ್‌ನೊಳಗಿದ್ದರೆ 600 ವಿಎ ಯುಪಿಎಸ್ ಸಾಕು. ಅದು ಪಾಠ ಮುಂದುವರಿಸುವುದಕ್ಕಲ್ಲ, ಕ್ರಮವಾಗಿ ಆರಿಸಿ ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯುವುದಕ್ಕೆ.