ಹಳೆಯ ಚೀನೀ ಪಿಂಗಾಣಿ ಅಸಲಿಯೋ ನಕಲಿಯೋ? ಮೊದಲು ಬೋರಲು ಹಾಕಿ

ನಿಮ್ಮ ಪ್ರಶ್ನೆ ಇಷ್ಟು: ಕೆಲಸದ ಮೇಲೆ ಎರಡು ತಿಂಗಳಿಗೆಂದು ಹಾಂಗ್‌ಕಾಂಗ್‌ಗೆ ಬಂದಿದ್ದೀರಿ. ಹಾಲಿವುಡ್ ರೋಡಿನ ಆಸುಪಾಸಿನ ಒಂದು ಅಂಗಡಿಯಲ್ಲಿ ನೀಲಿ ಚಿತ್ತಾರದ ಬಿಳಿ ಬಟ್ಟಲೊಂದು ಕಣ್ಣಿಗೆ ಬಿದ್ದಿದೆ. ಬುಡದಲ್ಲಿ ಆರು ಚೀನೀ ಅಕ್ಷರಗಳಿವೆ. ಅಂಗಡಿಯವರು ಮಿಂಗ್ ಕಾಲದ್ದು, 500 ವರ್ಷ ಹಳೆಯದು ಅಂತ ಹೇಳಿ 3,500 ಹಾಂಗ್‌ಕಾಂಗ್ ಡಾಲರ್ ಕೇಳಿದ್ದಾರೆ. ಅಸಲಿ ಅಂತ ಗೊತ್ತಾಗೋದು ಹೇಗೆ, ಕೊಳ್ಳಬಹುದೇ?

ನಾನು ವ್ಯಾಪಾರಿಯಲ್ಲ, ತಜ್ಞನೂ ಅಲ್ಲ. ಹಡಗು ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷ ಅದೇ ಊರಲ್ಲಿದ್ದೆ. ಭಾನುವಾರಗಳನ್ನು ಆ ಬೀದಿಗಳಲ್ಲೇ ಕಳೆದೆ, ಜೊತೆಗೆ ಒಂದಷ್ಟು ದುಡ್ಡನ್ನೂ ಕಳೆದೆ. ಆ ಕಳೆದುಕೊಂಡ ದುಡ್ಡು ಕಲಿಸಿದ್ದನ್ನು ಹೇಳ್ತೀನಿ.

ನೀವು ಹಾಕಿರುವ ನಾಲ್ಕು ಫೋಟೋಗಳಲ್ಲಿ ಮೂರು ಬಟ್ಟಲಿನ ಮುಖದ್ದು. ನಾಲ್ಕನೆಯದು ಅಕ್ಷರಗಳದ್ದು, ಅದನ್ನೂ ಎಷ್ಟು ಹತ್ತಿರದಿಂದ ತೆಗೆದಿದ್ದೀರೆಂದರೆ ಸುತ್ತಲಿನ ಬುಡದ ಬಳೆಯೇ ಕಾಣುತ್ತಿಲ್ಲ. ಬಟ್ಟಲು ನೆಲಕ್ಕೆ ತಾಗಿ ನಿಲ್ಲುವ, ಮೆರುಗು ಹಚ್ಚದ ಆ ಗುಂಡನೆಯ ಅಂಚು ಇದೆಯಲ್ಲ, ನನಗೆ ಬೇಕಾಗಿದ್ದದ್ದು ಅದು. ಹೊಸಬರೆಲ್ಲ ಮೊದಲು ಅಕ್ಷರ ಓದಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಅಕ್ಷರದ ವಿಷಯ ಮೊದಲು ಮುಗಿಸಿಬಿಡೋಣ. ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ ಓದಿದರೆ ನಿಮ್ಮದು 'ದಾ ಮಿಂಗ್ ಚೆಂಗ್‌ಹ್ವಾ ನಿಯೆನ್ ಝಿ'. ಮಹಾ ಮಿಂಗ್ ವಂಶದ ಚೆಂಗ್‌ಹ್ವಾ ದೊರೆಯ ಆಳ್ವಿಕೆಯಲ್ಲಿ ಮಾಡಿದ್ದು ಅಂತ ಅರ್ಥ. ಆ ಆಳ್ವಿಕೆ 1465ರಿಂದ 1487ರವರೆಗೆ. ತೊಂದರೆ ಏನೆಂದರೆ ಆ ದೊರೆ ಸತ್ತು ಇನ್ನೂರು ವರ್ಷ ಆದಮೇಲೂ ಚೀನಾದ ಪಿಂಗಾಣಿಯ ಊರು ಜಿಂಗ್‌ಡೆಝೆನ್‌ನ ಕುಂಬಾರರು ಅದೇ ಆರು ಅಕ್ಷರ ಬರೆಯುತ್ತಿದ್ದರು. ಅವರ ಮನಸ್ಸಲ್ಲಿ ಮೋಸ ಇರಲಿಲ್ಲ. ಹಿರಿಯರ ಕೆಲಸಕ್ಕೆ ತೋರಿಸುವ ಗೌರವ ಅದು. ಮಿಂಗ್ ನಂತರ ಬಂದ ಚಿಂಗ್ ವಂಶದ ಕಾಂಗ್‌ಶಿ ದೊರೆಯ ಕಾಲದಲ್ಲಿ, 1677ರಲ್ಲಿ, ಅಲ್ಲಿನ ಅಧಿಕಾರಿಯೊಬ್ಬ ಆಳುವ ದೊರೆಯ ಹೆಸರನ್ನು ಪಿಂಗಾಣಿಯ ಮೇಲೆ ಬರೆಯಬೇಡಿ, ಒಡೆದು ಕಾಲ್ಕಸ ಆದರೆ ಅವಮಾನ ಅಂತ ಅಪ್ಪಣೆ ಹೊರಡಿಸಿದ. ಕುಂಬಾರರು ಏನು ಮಾಡಬೇಕು? ಹಳೆಯ ಮಿಂಗ್ ದೊರೆಗಳ ಹೆಸರು ಬರೆದರು, ಎಲೆಯ ಚಿತ್ರ ಬಿಡಿಸಿದರು, ಇಲ್ಲವೇ ಎರಡು ನೀಲಿ ಸುತ್ತು ಎಳೆದು ಒಳಗೆ ಖಾಲಿ ಬಿಟ್ಟರು. ಮುಂದೆ 19ನೇ ಶತಮಾನದ ಕೊನೆಯಲ್ಲಿ ಅದೇ ವಂಶದ ಗುವಾಂಗ್‌ಶು ದೊರೆಯ ಕಾಲದವರು ತಮ್ಮ ಸಾಮಾನಿನ ಮೇಲೆ ಕಾಂಗ್‌ಶಿಯ ಹೆಸರು ಬರೆದರು. ಇವತ್ತು ಯಾವ ದೊರೆಯ ಹೆಸರು ಬೇಕೋ ಅದನ್ನು ಬರೆದು ಕೊಡುವವರು ಜಿಂಗ್‌ಡೆಝೆನ್‌ನಲ್ಲೇ ಇದ್ದಾರೆ. ಆ ಊರಿಗೆ ತಾಗಿದ ಫಾನ್‌ಜಿಯಾಜಿಂಗ್ ಅನ್ನೋ ಹಳ್ಳಿ ನಕಲಿಗೇ ಹೆಸರುವಾಸಿ. ಹಾಗಾಗಿ ಬುಡದ ಈ ಅಕ್ಷರಗಳ ಮುದ್ರೆಯನ್ನು ಕಟ್ಟಕಡೆಗೆ ನೋಡಿ. ಮಿಕ್ಕಿದ್ದೆಲ್ಲ ಹೇಳುವ ಕಾಲಕ್ಕೂ ಮುದ್ರೆ ಹೇಳುವ ಕಾಲಕ್ಕೂ ತಾಳೆ ಬಿದ್ದರೆ ಒಳ್ಳೆಯದು, ಅಷ್ಟೇ.

ಇನ್ನು ಬೆಲೆ. 2014ರಲ್ಲಿ ನೀವಿರುವ ಅದೇ ಊರಲ್ಲಿ ಚೆಂಗ್‌ಹ್ವಾ ಕಾಲದ, ಕೋಳಿ ಚಿತ್ರದ ಒಂದು ಪುಟ್ಟ ಬಟ್ಟಲು ಹರಾಜಾಯಿತು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು, 8 ಸೆಂಟಿಮೀಟರ್ ಅಗಲ. ಹೋದ ಬೆಲೆ 28 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೂ ಮೇಲೆ. ಕೊಂಡ ಶಾಂಘೈನ ಸಿರಿವಂತ ಲಿಯು ಯಿಚಿಯೆನ್ ಅದರಲ್ಲಿ ಚಹಾ ಕುಡಿದು ಫೋಟೋ ತೆಗೆಸಿಕೊಂಡರು, ಜನ ಹೊಟ್ಟೆ ಉರಿದುಕೊಂಡರು. ಅಂಥ ಕಾಲದ ಅರಸೊತ್ತಿಗೆಯ ಬಟ್ಟಲನ್ನು, ಇಂಥವನ್ನೇ ಹುಡುಕುವ ಸಾವಿರ ಕಣ್ಣುಗಳಿರುವ ಬೀದಿಯಲ್ಲಿ, ನಿಮಗೆ 3,500ಕ್ಕೆ ಯಾರು ಕೊಡುತ್ತಾರೆ? ನಿಮ್ಮ ಬಟ್ಟಲು ಚೆಂಗ್‌ಹ್ವಾ ಅಲ್ಲ. ಬಟ್ಟಲು ನೋಡದೆಯೂ ಇಷ್ಟು ಹೇಳಬಲ್ಲೆ. ಉಳಿದಿರುವ ಪ್ರಶ್ನೆ, ಅದು 1690ರದ್ದೋ, 1890ರದ್ದೋ, ಹೋದ ವರ್ಷದ್ದೋ ಅನ್ನೋದು. ಆ ಪ್ರಶ್ನೆಗೆ ಬುಡ ಉತ್ತರ ಕೊಡುತ್ತದೆ.

ಕಾಂಗ್‌ಶಿ ಕಾಲದ ತಟ್ಟೆಯೊಂದನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಹರಾಜಿಗೆ ಮುಂಚಿನ ಪ್ರದರ್ಶನದಲ್ಲಿ. ಬೋರಲು ಹಾಕಿ ಬಳೆಯ ಮೇಲೆ ಬೆರಳಾಡಿಸಿದೆ. ನೆನೆಸಿ ಸಿಪ್ಪೆ ತೆಗೆದ ಬಾದಾಮಿಯ ಹಾಗೆ ನುಣುಪು. ಅಂಚು ಚೂಪಾಗಿರಲಿಲ್ಲ, ಎರಡೂ ಕಡೆ ಇಳಿದು ದುಂಡಗಿತ್ತು. ಚೀನೀಯರು ಇದನ್ನು ಕೆಸರುಮೀನಿನ ಬೆನ್ನು ಅನ್ನುತ್ತಾರೆ. ಮಣ್ಣು ಎಷ್ಟು ಸೋಸಿ ಹದ ಮಾಡಿದ್ದೆಂದರೆ ಅದಕ್ಕೆ ಅಂಟಕ್ಕಿ ಹಿಟ್ಟಿನ ಹೋಲಿಕೆ ಕೊಡುತ್ತಾರೆ, ಸರಿಯಾಗೇ ಕೊಡುತ್ತಾರೆ. ಬಣ್ಣ ಅಚ್ಚ ಬಿಳಿಯಲ್ಲ, ಹಾಲಿಗೆ ಒಂದು ಹನಿ ಕಾಫಿ ಬಿದ್ದ ಹಾಗೆ. ಮೆರುಗು ಮುಗಿದು ಬರಿಮಣ್ಣು ಶುರುವಾಗುವ ಕಡೆ ಕೂದಲೆಳೆಯಷ್ಟು ಕಿತ್ತಳೆ ಗೆರೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಆವಿಗೆ ತಣಿಯುವಾಗ ಗಾಳಿ ತಾಗಿ ಮಣ್ಣಿನೊಳಗಿನ ಕಬ್ಬಿಣದ ಅಂಶ ಕೆಂಪಾಗಿದ್ದು ಅದು. ಎಲ್ಲ ಹಳೆಯ ಸಾಮಾನಿನಲ್ಲೂ ಈ ಗೆರೆ ಇರಲೇಬೇಕೆಂದಿಲ್ಲ. ಆದರೆ ಸುತ್ತಲೂ ಒಂದೇ ದಪ್ಪ, ಒಂದೇ ಬಣ್ಣ ಇದ್ದರೆ ಕುಂಚದಲ್ಲಿ ಹಚ್ಚಿದ್ದು ಅಂತ ಅನುಮಾನಿಸಿ. ಮಿಂಗ್ ಕಾಲದ ಸಾಮಾನೆಲ್ಲ ಹೀಗೇ ನಾಜೂಕಾಗಿರುತ್ತದೆ ಅಂದುಕೊಳ್ಳಬೇಡಿ. ದಕ್ಷಿಣ ಕರಾವಳಿಯ ಝಾಂಗ್‌ಝೌ ಕಡೆಯ ಒರಟು ತಟ್ಟೆಗಳ ಬುಡದಲ್ಲಿ ಆವಿಗೆಯ ಮರಳು ಹರಳುಹರಳಾಗಿ ಅಂಟಿಕೊಂಡಿರುತ್ತದೆ.

ಈಗ ನನ್ನ ಪೆಟ್ಟಿನ ಕಥೆ. ಬಂದ ಎರಡನೇ ವರ್ಷ ಒಂದು ಅಂಗಡಿಯಲ್ಲಿ, ಯಾವುದು ಅಂತ ಬೇಡ, ಮಿಂಗ್ ಕಾಲದ ಊಟದ ಬಟ್ಟಲು ಅಂತ ಒಂದನ್ನು ಕೊಂಡೆ. ಬುಡದಲ್ಲಿ ಕಂದು ಮಣ್ಣು ಮೆತ್ತಿತ್ತು. ಗೋರಿಯಿಂದ ತೆಗೆದದ್ದು, ತೊಳೆಯಬೇಡಿ, ಬೆಲೆ ಹೋಗುತ್ತದೆ ಅಂದರು. ಅಷ್ಟು ಹೇಳಿದಾಗಲೇ ಎಚ್ಚರ ಆಗಬೇಕಿತ್ತು. ಮನೆಗೆ ಬಂದು ಮೂರು ದಿನ ಕಪಾಟಿನಲ್ಲಿಟ್ಟು ಮೆರೆದೆ. ನಾಲ್ಕನೇ ದಿನ ತಡೆಯಲಾಗದೆ ಬಿಸಿನೀರಿಗೆ ಪಾತ್ರೆ ತೊಳೆಯೋ ಸೋಪು ಹಾಕಿ ಅದ್ದಿದೆ. ಅರ್ಧ ಗಂಟೆಯಲ್ಲಿ ಸಿಂಕಿನ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಬುಡ ಸೀಮೆಸುಣ್ಣದ ಹಾಗೆ ಬೆಳ್ಳಗಾಯಿತು. ಚಹಾದಲ್ಲೋ ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲೋ ನೆನೆಸಿ ಹಳತು ಮಾಡಿದ್ದರು. ಪಿಂಗಾಣಿಯ ಮೆರುಗು ಗಾಜಿನಂಥದ್ದು, ನೀರಿನಿಂದ ಅದಕ್ಕೇನೂ ಆಗುವುದಿಲ್ಲ. ಬಂಗಾರದ ಗೆರೆ, ಮೇಲುಬಣ್ಣ (ಮೆರುಗಿನ ಮೇಲೆ ಬರೆದ ಬಣ್ಣ), ರಿಪೇರಿ ಇರುವುದನ್ನು ಮಾತ್ರ ಹುಷಾರಾಗಿ ನೋಡಿಕೊಳ್ಳಬೇಕು. ಅಂಗಡಿಯಲ್ಲೇ ಕೇಳಿಕೊಂಡು, ಒದ್ದೆ ಕರವಸ್ತ್ರದಿಂದ ಬುಡ ಒರೆಸಿ ನೋಡಿ. ಬೇಡ ಅಂದರೆ ಕೈಮುಗಿದು ಹೊರಬನ್ನಿ.

ಬುಡ ಆದಮೇಲೆ ಹೊಟ್ಟೆ. ಹೂದಾನಿಯಾದರೆ ಒಳಗೆ ಕೈಬೆರಳು ಹಾಕಿ. ಹಿಂದೆ ದೊಡ್ಡ ಹೂದಾನಿಗಳನ್ನು ತಿಗರಿಯ ಮೇಲೆ ಎರಡು ಮೂರು ತುಂಡಾಗಿ ಎತ್ತಿ ನಡುವೆ ಜೋಡಿಸುತ್ತಿದ್ದರು. ಹೊಟ್ಟೆಯ ಒಳಗೆ ಅಡ್ಡಕ್ಕೆ ಆ ಬೆಸುಗೆಯ ಉಬ್ಬು ಬೆರಳಿಗೆ ಸಿಗುತ್ತದೆ. ಅಚ್ಚಿಗೆ ಮಣ್ಣಿನ ನೀರು ಸುರಿದು ಮಾಡಿದ ಇವತ್ತಿನ ಮಾಲು ಒಳಗೂ ಹೊರಗೂ ಒಂದೇ ಸಮ, ಉದ್ದಕ್ಕೆ ಅಚ್ಚಿನ ಗೆರೆ ಇದ್ದರೂ ಇರಬಹುದು. ಇದನ್ನೂ ಬಲ್ಲ ನಕಲಿಗಾರರು ಕೈಯಿಂದಲೇ ಎತ್ತುತ್ತಾರೆ. ಇನ್ನೂ ಜಾಣರು ಹಳೆಯ ಒಡೆದ ಬಟ್ಟಲಿನ ಅಸಲಿ ಬುಡಕ್ಕೆ ಹೊಸ ಮೈ ಕೂಡಿಸುತ್ತಾರೆ. ಹಾಗಾಗಿ ಬುಡ ಮತ್ತು ಮೈ ಸೇರುವ ಕಡೆ ಮೆರುಗಿನ ಬಣ್ಣ ಬದಲಾಗುತ್ತದೆಯೇ ಅಂತ ಬೆಳಕಿಗೆ ಹಿಡಿದು ನೋಡಿ.

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಜೇಬಲ್ಲಿರಲಿ. ಚಿತ್ತಾರ ಹಳೆಯ ಪತ್ರಿಕೆಯ ಫೋಟೋದಂತೆ ಚುಕ್ಕೆಚುಕ್ಕೆಯಾಗಿ ಕಂಡರೆ ಅದು ಅಚ್ಚೊತ್ತಿದ ಹಾಳೆಯಿಂದ ಅಂಟಿಸಿದ ಚಿತ್ರ, ಮಾತು ಮುಗಿಯಿತು. ಕುಂಚದ್ದಾದರೆ ಗೆರೆ ಶುರುವಾಗುವ ಕಡೆ ಬಣ್ಣ ನಿಂತಿರುತ್ತದೆ, ಎಳೆದ ಕಡೆ ತೆಳ್ಳಗಾಗಿರುತ್ತದೆ. ಕಾಂಗ್‌ಶಿಯ ಒಳ್ಳೆಯ ಸಾಮಾನಿನಲ್ಲಿ ಒಂದೇ ಬೆಟ್ಟಕ್ಕೆ ನೀಲಿಯ ನಾಲ್ಕೈದು ಛಾಯೆ ಸಿಗುತ್ತವೆ. 14, 15ನೇ ಶತಮಾನದ ಕೆಲವು ಸಾಮಾನುಗಳಲ್ಲಿ ಪರ್ಷಿಯಾ ಕಡೆಯಿಂದ ತಂದ, ನೀಲಿ ಬಣ್ಣ ಕೊಡುವ ಕೋಬಾಲ್ಟ್ ಅಲ್ಲಲ್ಲಿ ಕಪ್ಪು ಚುಕ್ಕೆಯಾಗಿ ಮೆರುಗಿನೊಳಗೆ ಇಳಿದಿರುತ್ತದೆ. ನಕಲಿಯಲ್ಲಿ ಆ ಚುಕ್ಕೆಗಳನ್ನು ಬೇಕಂತಲೇ ಇಟ್ಟಿರುತ್ತಾರೆ, ಲೆಕ್ಕ ಹಾಕಿ ಇಟ್ಟ ರಂಗೋಲಿ ಚುಕ್ಕಿಯ ಹಾಗೆ ಸಮವಾಗಿ.

ಬಣ್ಣವೂ ಸುಳ್ಳನ್ನು ಹಿಡಿದುಕೊಡುತ್ತದೆ. ಬಂಗಾರದಿಂದ ಬರುವ ಆ ಗುಲಾಬಿ ಎನಾಮಲ್ ಚೀನಾದ ಪಿಂಗಾಣಿಗೆ ಬಂದದ್ದು 1720ರ ಸುಮಾರಿಗೆ. ಗುಲಾಬಿ ಹೂವಿನ ಕೆಳಗೆ ಮಿಂಗ್ ದೊರೆಯ ಹೆಸರಿದ್ದರೆ ನಕ್ಕು ಸುಮ್ಮನಾಗಿ. ಬುಡದಲ್ಲಿ ಇಂಗ್ಲಿಷಿನಲ್ಲಿ 'ಚೈನಾ' ಎಂದಿದ್ದರೆ ಅಮೆರಿಕದ ಸುಂಕದ ಕಾನೂನು ಜಾರಿಗೆ ಬಂದ 1891ರ ನಂತರದ್ದು, 'ಮೇಡ್ ಇನ್ ಚೈನಾ' ಇನ್ನೂ ಈಚಿನದು. ಇಲ್ಲ ಅಂದಮಾತ್ರಕ್ಕೆ ಹಳೆಯದು ಅಂತಲ್ಲ, ಉಜ್ಜಿ ಅಳಿಸಿದ ಬುಡಗಳನ್ನೂ ನೋಡಿದ್ದೇನೆ. ಮೇಲುಬಣ್ಣದ ಹಳೆಯ ಸಾಮಾನನ್ನು ಓರೆಯಾಗಿ ಹಿಡಿದರೆ ಬಣ್ಣದ ಸುತ್ತ ಕಾಮನಬಿಲ್ಲಿನ ತೆಳು ಹೊಳಪು ಕಾಣಬಹುದು, ಕಪ್ಪೆಚಿಪ್ಪಿನ ಒಳಗಿರುತ್ತದಲ್ಲ ಅಂಥದ್ದು. ಕಂಡರೆ ನನಗೆ ಖುಷಿ.

ಸವೆತ ನೋಡುವಾಗ ಆ ಮನೆಯವರು ಅದನ್ನು ಹೇಗೆ ಬಳಸಿರಬಹುದು ಅಂತ ಊಹಿಸಿ. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಾಗ ತಾಗುವ ಜಾಗ, ಚಮಚ ಓಡಾಡುವ ನಡುಭಾಗ, ಹಿಡಿಯ ಮೇಲಿನ ಬಂಗಾರ, ಇಲ್ಲೆಲ್ಲ ಸವೆದಿರಬೇಕು. ಗೀರುಗಳು ದಿಕ್ಕಾಪಾಲಾಗಿರಬೇಕು. ಯಾರೂ ಮುಟ್ಟದ ಸಂದಿಯಲ್ಲೂ ಗೀರು, ಎಲ್ಲ ಒಂದೇ ದಿಕ್ಕಿಗೆ ಅಂದರೆ ಉಪ್ಪುಕಾಗದದ ಕೆಲಸ. ಇಡೀ ಮೈಗೆ ಮಂಕು ಕವಿದಿದ್ದರೆ ಆಮ್ಲ ಹಾಕಿ ಹೊಳಪು ಕೊಂದಿರಬಹುದು. ಸಮುದ್ರದಡಿ ಬಿದ್ದಿದ್ದ ಸಾಮಾನೂ ಮಂಕಾಗಿರುತ್ತದೆ, ಅದಕ್ಕೆ ಕಾಗದಪತ್ರ ಕೇಳಿ.

ತಟ್ಟಿ ನೋಡೋದು ನಮಗೆ ಹೇಳಿಕೊಡಬೇಕಾಗಿಲ್ಲ, ನಮ್ಮಜ್ಜಿ ಸಂತೆಯಲ್ಲಿ ಮಡಕೆ ತಟ್ಟದೆ ಕಾಸು ಬಿಚ್ಚುತ್ತಿರಲಿಲ್ಲ. ಠಣ್ ಅಂದರೆ ಬಿರುಕಿಲ್ಲ, ದಬ್ ಅಂದರೆ ಇದೆ. ಅದರಿಂದ ವಯಸ್ಸು ತಿಳಿಯುವುದಿಲ್ಲ. ಮುಕ್ಕಾದ ಅಂಚನ್ನು ಮೆತ್ತಿ ಬಣ್ಣ ಬಳಿದಿದ್ದರೆ ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಿಡಿಯಿರಿ, ರಿಪೇರಿ ಜಾಗ ಬೇರೆಯಾಗಿ ಹೊಳೆಯುತ್ತದೆ. ಮಣ್ಣು ಸುಟ್ಟು ಎಷ್ಟು ಕಾಲವಾಯಿತು ಅಂತ ಅಳೆಯುವ ಉಷ್ಣದೀಪ್ತಿ (ಥರ್ಮೊಲ್ಯೂಮಿನೆಸೆನ್ಸ್) ಪರೀಕ್ಷೆ ಪ್ರಯೋಗಾಲಯದಲ್ಲಿ ಇದೆ. ಅದಕ್ಕೆ ಬುಡದಲ್ಲಿ ಕೊರೆದು ಚೂರು ತೆಗೆಯಬೇಕು, ನಿಮ್ಮ ಬಟ್ಟಲಿಗೆ ಅಷ್ಟೆಲ್ಲ ಬೇಡ. ಅಂಗಡಿಯವರೇ ಸರ್ಟಿಫಿಕೇಟ್ ತೋರಿಸಿದರೆ ಅದೂ ಒಂದು ಕಾಗದ ಅಂತ ನೆನಪಿರಲಿ.

ಒಂದು ಅಡ್ಡಮಾತು. ಗಡಿ ದಾಟಿ ಬೀಜಿಂಗಿನ ಪಾನ್‌ಜಿಯಾಯುವಾನ್ ಸಂತೆಗೆ ಹೋಗುವ ಯೋಚನೆಯಿದ್ದರೆ, 1911ಕ್ಕಿಂತ ಹಳೆಯ ವಸ್ತುವನ್ನು ಸಾಮಾನ್ಯವಾಗಿ ಚೀನಾದಿಂದ ಹೊರಗೆ ಒಯ್ಯುವಂತಿಲ್ಲ. ಅಲ್ಲಿ ಯಾರಾದರೂ 18ನೇ ಶತಮಾನದ ಚಿಯೆನ್‌ಲಾಂಗ್ ದೊರೆಯ ಹೂದಾನಿಯನ್ನು ನಿಮ್ಮ ಸೂಟ್‌ಕೇಸಿಗೆ ಕಟ್ಟಿಕೊಟ್ಟರೆ, ಅದು ನಕಲಿ ಅಂತ ಹಾರೈಸಿಕೊಳ್ಳಿ. ಹಾಂಗ್‌ಕಾಂಗ್‌ನಲ್ಲಿ ಆ ತೊಡಕಿಲ್ಲ.

ಇಷ್ಟೆಲ್ಲ ಓದಿದರೂ ಕಣ್ಣು ಪಳಗುವುದು ಅಸಲಿಯನ್ನು ಮುಟ್ಟಿದಾಗ. ದೊಡ್ಡ ಹರಾಜು ಸಂಸ್ಥೆಗಳು ವಸಂತದಲ್ಲೂ ಶರತ್ಕಾಲದಲ್ಲೂ ಮಾರಾಟಕ್ಕೆ ಮುಂಚೆ ಪುಕ್ಕಟೆ ಪ್ರದರ್ಶನ ಇಡುತ್ತವೆ. ಕೇಳಿದರೆ ಬೀರುವಿನಿಂದ ತೆಗೆದು ಕೈಗೆ ಕೊಡುತ್ತಾರೆ. ಉಂಗುರ, ವಾಚು ಬಿಚ್ಚಿಟ್ಟು, ಮೇಜಿನ ಮೇಲೆಯೇ ಎರಡೂ ಕೈಯಲ್ಲಿ ಹಿಡಿಯಿರಿ. ಹಾಗೇ ಒಡೆದ ಬೋಕಿಗಳನ್ನು ಕೊಳ್ಳಿ. ಮುರಿದ ಅಂಚಿನಲ್ಲಿ ಮಣ್ಣು, ಮೆರುಗು, ಅವೆರಡರ ನಡುವೆ ನೀಲಿ ಕೂತಿರುವ ರೀತಿ ಎಲ್ಲ ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಬೋಕಿಯ ಹುಚ್ಚು ಹಿಡಿದ ಮೇಲೆ ನನಗೆ ಊರಿನ ನೆನಪೂ ಬದಲಾಯಿತು. ನಾನು ವಿಜಯಪುರದವನು. ಗೋಲಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿ ಆದಿಲ್‌ಶಾಹಿ ಕಾಲದ ಚೀನೀ ಪಿಂಗಾಣಿ ಇದೆ. ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ನಿಂತು ಕಡಲೆಕಾಯಿ ತಿನ್ನುತ್ತಾ ಕತ್ತಿ ಎಲ್ಲಿ ಅಂತ ಕೇಳಿದ್ದೆ. ಹಂಪಿಯಲ್ಲಿ ಅಗೆದಾಗಲೂ ಚೀನಾದ ಚೂರುಗಳು ಸಿಕ್ಕಿವೆ. ಊರಿಗೆ ಬಂದಾಗ ಅವನ್ನೂ ನೋಡಿ. ಅಜ್ಜಿಯ ಕಂದು-ಹಳದಿ ಉಪ್ಪಿನಕಾಯಿ ಜಾಡಿ ಚೀನಾದ್ದಾ ಅಂತ ಆಮೇಲೆ ಕೇಳಬೇಡಿ, ಅಂಥವು ಬಹುಪಾಲು ನಮ್ಮ ದೇಶದ ಕಾರ್ಖಾನೆಗಳವು.

3,500 ಡಾಲರ್ ಖರ್ಚು ಮಾಡಲೇಬೇಕು ಅನಿಸಿದರೆ ದೊರೆಗಳ ಸಾಮಾನು ಬಿಟ್ಟು ಜನಸಾಮಾನ್ಯರದ್ದು ನೋಡಿ. 1822ರಲ್ಲಿ ಮುಳುಗಿದ ಟೆಕ್ ಸಿಂಗ್ ಎಂಬ ಚೀನೀ ಹಡಗಿನಿಂದ ಸುಮಾರು 3,50,000 ಸಾಮಾನು ಎತ್ತಿ 2000ದಲ್ಲಿ ಜರ್ಮನಿಯಲ್ಲಿ ಹರಾಜು ಹಾಕಿದರು. ಆ ಹರಾಜಿನ ಚೀಟಿ, ರಸೀದಿ ಇರುವ ಬಟ್ಟಲುಗಳು ಈಗಲೂ ಕೈಬದಲಾಗುತ್ತವೆ. ಚಂದವೇನೂ ಅಷ್ಟಕ್ಕಷ್ಟೇ, ಆದರೆ ವಯಸ್ಸಿನ ಬಗ್ಗೆ ನಿದ್ದೆಗೆಡಬೇಕಾಗಿಲ್ಲ.

ಆ ಬಟ್ಟಲಿಗೆ ಸದ್ಯ ಮುಂಗಡ ಕೊಡಬೇಡಿ. ಮತ್ತೆ ಹೋದಾಗ ಕಿಟಕಿಯ ಬೆಳಕಿಗೆ ಬೋರಲು ಹಾಕಿ, ಇಡೀ ಬುಡದ್ದೊಂದು, ಬಳೆಯ ಅಂಚಿನದ್ದೊಂದು, ಮೆರುಗು ನಿಲ್ಲುವ ಗೆರೆಯದ್ದೊಂದು ಫೋಟೋ ತೆಗೆದು ಇಲ್ಲಿಗೇ ಹಾಕಿ, ನೋಡಿ ಹೇಳ್ತೀನಿ. ಒರೆಸಿದ ಕರವಸ್ತ್ರದ್ದೂ ಒಂದಿರಲಿ.